ರಾತ್ರಿ ಮಲಗೋಕ್ಕೆ ತಾನೇ?

"ರಾತ್ರಿ ಮಲಗೋಕ್ಕೆ ತಾನೇ? ಅದಕ್ಕೆ ಮೂರು ಸಾವಿರ ಯಾಕ್ರೀ ಸುರೀಬೇಕು?"

ಈ ಮಾತನ್ನ ನೀವೂ ಕೇಳಿರ್ತೀರಿ. ಸಂಘದ ಕಾರ್ಯಕ್ರಮ ಮುಗಿದು ಉಪ್ಪಿಟ್ಟು-ಕಾಫಿ ನಡೀತಿರೋ ಹೊತ್ತಲ್ಲಿ ಯಾರಾದ್ರೂ "ನಾವಿಬ್ಬರೇ ಪಂಚವಟಿಗೆ ಹೊರಟಿದೀವಿ, ಎಲ್ಲಿ ಉಳ್ಕೊಂಡ್ರೆ ಒಳ್ಳೇದು?" ಅಂತ ಕೇಳಿ ನೋಡಿ. ನಾಲ್ಕು ಜನ ನಾಲ್ಕು ಧರ್ಮಶಾಲೆ ಹೆಸರು ಹೇಳ್ತಾರೆ. ಐದನೆಯವರು "ನಮ್ಮ ಷಡ್ಡಕನ ಮನೆ ನಾಸಿಕ್ ರೋಡಲ್ಲೇ ಇದೆ, ಫೋನ್ ಮಾಡ್ಲಾ?" ಅಂತಾರೆ. ಒಬ್ಬರೂ, ಒಬ್ಬರಂದ್ರೆ ಒಬ್ಬರೂ, "ಒಂದು ಒಳ್ಳೇ ಹೋಟೆಲಲ್ಲಿ ಎರಡು ದಿನ ಆರಾಮಾಗಿ ಇದ್ದು ಬನ್ನಿ" ಅನ್ನಲ್ಲ. ಅಂದವನು ದುಂದುಗಾರ.

ಮೂವತ್ತು ವರ್ಷದ ಮೇಲಾಯ್ತು ನಾನು ಈ ಮುಂಬೈ ಕಡೆ ಬಂದು. ಈ ಮಾತನ್ನ ಇಷ್ಟು ವರ್ಷ ಕೇಳಿ ಕೇಳಿ ಸಾಕಾಗಿದೆ. ಅದಕ್ಕೆ ಇವತ್ತು ಕೂತು ಜಗಳ ಆಡಿಬಿಡೋಣ ಅಂತ. ಗಂಡ ಹೆಂಡತಿ ಇಬ್ಬರೇ ಪ್ರಯಾಣ ಮಾಡುವಾಗ, ಕೈಯಲ್ಲಿ ಅಷ್ಟು ಕಾಸಿದ್ದರೆ, ಮಧ್ಯಮ ದರದ ಒಂದು ಒಳ್ಳೇ ಹೋಟೆಲಲ್ಲಿ ಉಳಿಯೋದು ದುಂದಲ್ಲ. ಉಳೀದೇ ಇರೋದೇ ದುಂದು. ಯಾಕೆ ಅಂತ ಹೇಳ್ತೀನಿ.

ಮೊದಲು ಭಕ್ತಿಯ ವಾದ ತಗೊಳ್ಳೋಣ. "ಕ್ಷೇತ್ರಕ್ಕೆ ಹೋದಾಗ ಸುಖ ಹುಡುಕಬಾರದು, ಚಾಪೆ ಮೇಲೆ ಮಲಗಬೇಕು. ಶ್ರೀರಾಮನೇ ಪರ್ಣಕುಟಿಯಲ್ಲಿದ್ದ, ನಿಮಗೇನು ಎಸಿ?" ಅಂತ ನಮ್ಮ ಹಿರಿಯರೊಬ್ಬರು ಕೇಳಿದ್ರು.

ಸ್ವಾಮಿ, ಪಂಚವಟಿಯ ಕಥೆಯನ್ನ ಒಮ್ಮೆ ಸರಿಯಾಗಿ ಓದಿ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಅಗಸ್ತ್ಯರು ಈ ಜಾಗದ ಹೆಸರು ಹೇಳಿ ಕಳಿಸ್ತಾರೆ. ಅಲ್ಲಿಗೆ ಬಂದ ಮೇಲೆ ರಾಮ ಲಕ್ಷ್ಮಣನಿಗೆ ಏನು ಹೇಳ್ತಾನೆ? ಸಿಕ್ಕಿದ ಮರದಡಿ ಬಿದ್ಕೊಳ್ಳೋಣ ಅನ್ನಲ್ಲ. ಸೀತೆಗೆ ಖುಷಿಯಾಗೋ ಜಾಗ ನೋಡು, ನಿನಗೂ ನನಗೂ ಹಿಡಿಸಬೇಕು, ನೀರು ಹತ್ತಿರ ಇರಬೇಕು ಅಂತ ಹೇಳ್ತಾನೆ. ಪಟ್ಟಿಯಲ್ಲಿ ಮೊದಲು ಸೀತೆ! ಕೊನೆಗೆ ಜಾಗ ತಾನೇ ಆರಿಸ್ತಾನೆ. ನೆಲ ಸಮ ಇದೆಯಾ, ಹೂವಿನ ಮರ ಇದೆಯಾ, ಗೋದಾವರಿ ಕಾಣತ್ತಾ ಅಂತ ನೋಡಿ. ಲಕ್ಷ್ಮಣ ಕುಟೀರ ಕಟ್ಟಿದ ಮೇಲೆ ಅದು ಎಷ್ಟು ಚೆನ್ನಾಗಿದೆ ಅಂತ ಸಂತೋಷಪಟ್ಟು ತಮ್ಮನನ್ನ ಅಪ್ಪಿಕೊಳ್ತಾನೆ. ರಾಜ್ಯ ಕಳಕೊಂಡು ಕಾಡಿಗೆ ಬಂದವನು ಸ್ವಾಮಿ ಅವನು! ಅವನಿಗೇ ಹೆಂಡತಿಗೆ ಹಿಡಿಸೋ ಜಾಗ ಬೇಕಿತ್ತು. ರಿಟೈರ್ ಆಗಿ ಪೆನ್ಷನ್ ತಗೊಳ್ಳೋ ನಮಗೆ ಕಾಮನ್ ಬಾತ್‌ರೂಮೇ ವೈರಾಗ್ಯವಾ?

ಎರಡನೇದು ದುಡ್ಡಿನ ವಾದ, ಅಂದರೆ "ಮಲಗೋಕ್ಕೆ ತಾನೇ" ಅನ್ನೋದು. ಇದು ಹೇಳೋರಿಗೆ ಹೋಟೆಲ್ ರೂಮು ಅಂದ್ರೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಬೆನ್ನು ಚಾಚೋ ಜಾಗ. ಯಾಕಂದ್ರೆ ಇವರ ಪ್ರವಾಸವೇ ಹಾಗಿರತ್ತೆ. ಎರಡು ದಿನದ ಪ್ಯಾಕೇಜು: ಶಿರಡಿ, ಶನಿ ಶಿಂಗಣಾಪುರ, ತ್ರ್ಯಂಬಕ, ಪಂಚವಟಿ, ಘೃಷ್ಣೇಶ್ವರ, "ಟೈಮ್ ಇದ್ರೆ" ಎಲ್ಲೋರಾ. ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೇ ಸುಮಾರು 180 ಕಿಲೋಮೀಟರ್ (2023ರಲ್ಲಿ ಹೆಸರು ಬದಲಾಯ್ತು, ನಮ್ಮ ಬಾಯಲ್ಲಿ ಇನ್ನೂ ಔರಂಗಾಬಾದ್ ಅಂತಲೇ ಬರತ್ತೆ). ಹದಿನೇಳು ಸೀಟಿನ ಟೆಂಪೋ ಟ್ರಾವೆಲರ್‌ನಲ್ಲಿ ಕಾಲು ಊದಿಸ್ಕೊಂಡು, ಬೆಳಗಿನ ಜಾವ ಒಂದು ರೂಮಲ್ಲಿ ಎಂಟು ಜನ ಸರದಿ ಮೇಲೆ "ಫ್ರೆಶ್ ಅಪ್" ಆಗಿ, ಮತ್ತೆ ಗಾಡಿ ಹತ್ತೋದು. ಹೆಂಗಸರು ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಅಂತ ನೀರೇ ಕುಡಿಯಲ್ಲ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ವಾಪಸ್ ಬಂದ ಮೇಲೆ ಮೂರು ದಿನ ಮೈಕೈ ನೋವು, ಸೊಂಟಕ್ಕೆ ಬಾಮು.

ಇದು ಉಳಿತಾಯವಾ? ಲೆಕ್ಕ ಹಾಕಿ.

ಎಲ್ಲೋರಾ ನೋಡಿ. ಊರಿಂದ ಸುಮಾರು 30 ಕಿಲೋಮೀಟರ್. 34 ಗುಹೆಗಳು. ಬೆಟ್ಟ ಪಶ್ಚಿಮಕ್ಕೆ ಮುಖ ಮಾಡಿದೆ, ಅಂದರೆ ಮಧ್ಯಾಹ್ನ ಇಳಿದ ಮೇಲೆ ಗುಹೆಯೊಳಗೆ ಬೆಳಕು ಬೀಳತ್ತೆ. ಕೈಲಾಸ ದೇವಾಲಯವನ್ನ, ಅಂದರೆ 16ನೇ ಗುಹೆಯನ್ನ, ಒಂದೇ ಬಂಡೆಯಲ್ಲಿ ಮೇಲಿಂದ ಕೆಳಕ್ಕೆ ಕೊರೆದಿದ್ದು. ಕೊರೆಸಿದ ಕೀರ್ತಿ ಎಂಟನೇ ಶತಮಾನದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನಿಗೆ ಸಲ್ಲತ್ತೆ. ಅದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲೇ ಕವಿರಾಜಮಾರ್ಗ ಹುಟ್ಟಿದ್ದು. ಆ ಗ್ರಂಥ ಹೇಳೋ ಕನ್ನಡ ನಾಡಿನ ಉತ್ತರದ ಗಡಿ ಯಾವುದು? ಗೋದಾವರಿ. ಪಂಚವಟಿಯ ಪಕ್ಕದಲ್ಲಿ ಹರಿಯೋ ಇದೇ ಹೊಳೆ. ಕನ್ನಡಿಗರಾದ ನಾವು ಇಷ್ಟು ದೂರ ಬಂದು, "ಟೈಮ್ ಇದ್ರೆ" ಅಂತ ಆ ಕೈಲಾಸಕ್ಕೆ ನಲವತ್ತು ನಿಮಿಷ ಕೊಡ್ತೀವಿ. ಅದೂ ನಡು ಮಧ್ಯಾಹ್ನ, ನೆತ್ತಿ ಸುಡೋವಾಗ, ಊಟ ಆಗದೆ ತಲೆ ಸುತ್ತುವಾಗ. ಕೆಲವರು ಮಂಗಳವಾರ ಹೋಗಿ ಬಾಗಿಲು ಹಾಕಿರೋದು ನೋಡಿ ಬರ್ತಾರೆ. (ಎಲ್ಲೋರಾಗೆ ಮಂಗಳವಾರ ರಜ, ಅಜಂತಾಗೆ ಸೋಮವಾರ. ಬರೆದಿಟ್ಕೊಳ್ಳಿ.)

ಊರಲ್ಲೇ ಎರಡು ರಾತ್ರಿ ಒಂದು ಒಳ್ಳೇ ರೂಮು ಹಿಡಿದಿದ್ರೆ? ಬೆಳಿಗ್ಗೆ ತಂಪು ಹೊತ್ತಲ್ಲಿ ಬೀಬಿ ಕಾ ಮಕ್ಬರಾ ನೋಡಿ, ಬಿಸಿಲೇರಿದ ಮೇಲೆ ವಾಪಸ್ ಬಂದು ಊಟ ಮಾಡಿ ಒಂದು ಗಂಟೆ ಅಡ್ಡಾಗಿ, ಮೂರು ಗಂಟೆಗೆ ಎಲ್ಲೋರಾದಲ್ಲಿರಬಹುದು. ಕೈಲಾಸದ ಮೇಲೆ ಬಿಸಿಲು ಇಳಿಯೋದನ್ನ ಕೂತು ನೋಡಬಹುದು. ಮಾರನೇ ದಿನ ನೂರು ಕಿಲೋಮೀಟರ್ ದೂರದ ಅಜಂತಾಗೆ ಅಂತಲೇ ಇಡೀ ದಿನ ಕೊಡಬಹುದು. ಮಧ್ಯಾಹ್ನದ ಆ ಒಂದು ಗಂಟೆ ಇದೆಯಲ್ಲ, ಐವತ್ತೈದು ದಾಟಿದವರ ಪ್ರವಾಸ ನಿಂತಿರೋದೇ ಅದರ ಮೇಲೆ. ರೂಮಿನ ಬಾಡಿಗೆ ಅದಕ್ಕೆ ಕೊಟ್ಟಿದ್ದು ಅಂತ ತಿಳ್ಕೊಳ್ಳಿ. ರಾತ್ರಿ ನಿದ್ದೆ ಬೋನಸ್ಸು.

ದುಡ್ಡಿನ ಮಾತು ಬಂತಲ್ಲ, ಇದನ್ನೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಮೂರು ಸಾವಿರದ ರೂಮಿಗೆ ಮೊದಲು 360 ರೂಪಾಯಿ ತೆರಿಗೆ, ಈಗ 150. ಉಳಿದ 210 ರೂಪಾಯಿಯಲ್ಲಿ ಇಬ್ಬರು ಮಿಸಳ್ ತಿಂದು ಚಹಾ ಕುಡೀಬಹುದು.

ಮೂರನೇದು ನೆಂಟರ ವಾದ. "ನಮ್ಮನೆ ಇರುವಾಗ ಹೋಟೆಲ್ ಯಾಕೆ? ನಾವೇನು ಸತ್ತು ಹೋಗಿದೀವಾ?" ಇದಕ್ಕೆ ಉತ್ತರ ಕೊಡೋದು ಕಷ್ಟ, ಯಾಕಂದ್ರೆ ಕರೆಯೋರು ಪ್ರೀತಿಯಿಂದಲೇ ಕರೀತಾರೆ. ಆದರೆ ಯೋಚನೆ ಮಾಡಿ. ಅವರದ್ದೂ ವನ್ ಬಿಎಚ್‌ಕೆ. ನಾವು ಹೋದ ರಾತ್ರಿ ಅವರ ಮಗ ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು ಮಲಗ್ತಾನೆ, ಬೆಳಿಗ್ಗೆ ಪರೀಕ್ಷೆ ಇದ್ರೂ. ಆ ಮನೆಯ ಹೆಂಗಸು ನಾಲ್ಕೂವರೆಗೆ ಎದ್ದು ನಮಗೆ ತಿಂಡಿ ಮಾಡ್ತಾಳೆ. ಇನ್ನು ನಮ್ಮ ಮನೆಯವಳು ನೆಂಟರ ಮನೆಯಲ್ಲಿ ಸುಮ್ಮನೆ ಕೂರ್ತಾಳಾ? "ಇರ್ಲಿ ಬಿಡಿ ಅಕ್ಕಾ, ನಾನು ಲಟ್ಟಿಸ್ತೀನಿ" ಅಂತ ಅಲ್ಲೂ ಚಪಾತಿ ಮಣೆ ಮುಂದೆ ಕೂತಿರ್ತಾಳೆ. ಗಂಡಸಿಗೆ ಪ್ರವಾಸ, ಹೆಂಗಸಿಗೆ ಅಡುಗೆಮನೆ ಬದಲಾವಣೆ, ಅಷ್ಟೇ. ನೆಂಟರ ಮನೆಗೆ ಹೋಗಬೇಡಿ ಅಂತಲ್ಲ. ಸಂಜೆ ಹೋಗಿ, ಒಂದು ಕಿಲೋ ದ್ರಾಕ್ಷಿ ಹಿಡ್ಕೊಂಡು ಹೋಗಿ, ಕಷ್ಟ ಸುಖ ಮಾತಾಡಿ, ಊಟ ಮಾಡಿ, ರಾತ್ರಿ ರೂಮಿಗೆ ಬನ್ನಿ. ಪ್ರೀತಿ ಹೆಚ್ಚೇ ಉಳಿಯತ್ತೆ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಇದನ್ನ ಊರಲ್ಲಿ ತೊಟ್ಟಿಮನೆ, ಅಂಗಳ, ಜಗಲಿ ಇರೋರಿಗೆ ಹೇಳಿದ್ರೆ ಅರ್ಥ ಆಗಲ್ಲ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರಿಗೆ ಅರ್ಥ ಆಗತ್ತೆ.

ನಮ್ಮ ಪೀಳಿಗೆಯವರಲ್ಲಿ ಬಹಳ ಜನ ಸಂಸಾರ ಶುರು ಮಾಡಿದ್ದು ಚಾಳಿನಲ್ಲಿ. ಹತ್ತು ಬೈ ಹನ್ನೆರಡರ ಒಂದು ಖೋಲಿ, ಅದರೊಳಗೇ ಮೋರಿ, ಅದರೊಳಗೇ ಸ್ಟವ್ವು. ಮದುವೆಯಾಗಿ ಬಂದ ಹುಡುಗಿಯ ಜೊತೆ ಅತ್ತೆ ಇದ್ದಾರೆ, ಊರಿಂದ ಕೆಲಸ ಹುಡುಕ್ಕೊಂಡು ಬಂದ ಮೈದುನ ಇದ್ದಾನೆ, "ಎರಡೇ ತಿಂಗಳು" ಅಂತ ಬಂದು ಎರಡು ವರ್ಷ ಇದ್ದ ಊರ ಹುಡುಗ ಇದ್ದಾನೆ. ನಡುವೆ ಒಂದು ಹಳೇ ಸೀರೆಯ ಪರದೆ. ಗಂಡ ಹೆಂಡತಿ ಒಂದು ಮಾತಾಡಬೇಕಂದ್ರೆ ತರಕಾರಿ ತರೋ ನೆಪದಲ್ಲಿ ಡೊಂಬಿವಲಿ ಸ್ಟೇಶನ್‌ವರೆಗೆ ನಡ್ಕೊಂಡು ಹೋಗ್ತಿದ್ವಿ ಸ್ವಾಮಿ. ಜಗಳ ಆಡೋಕ್ಕೂ ಅಷ್ಟೇ, ಓವರ್‌ಬ್ರಿಜ್ಜಿನ ಮೇಲೆ ಆಡ್ತಿದ್ವಿ. ಲೋಕಲ್ ಹೋಗೋ ಸದ್ದಲ್ಲಿ ಯಾರಿಗೂ ಕೇಳಲ್ಲ ಅಂತ.

ಆಮೇಲೆ ಫ್ಲ್ಯಾಟ್ ಬಂತು, ನಿಜ. ಅಷ್ಟೊತ್ತಿಗೆ ಮಕ್ಕಳ ಹತ್ತನೇ ಕ್ಲಾಸು, ಅಮ್ಮನ ಕಾಯಿಲೆ. ಮೂವತ್ತು ವರ್ಷದಲ್ಲಿ ನಮ್ಮಿಬ್ಬರದ್ದೇ ಅಂತ ಚಿಲಕ ಹಾಕ್ಕೊಂಡ ಬಾಗಿಲು ಎಷ್ಟು ದಿನ ಇತ್ತು? ಬೆರಳಲ್ಲಿ ಎಣಿಸಬಹುದು. ಅಂಥವರಿಗೆ ಹೋಗಿ "ಮಲಗೋಕ್ಕೆ ತಾನೇ" ಅಂತೀರಲ್ಲ!

ಪಂಚವಟಿಯ ಹೋಟೆಲಲ್ಲಿ ಮೊದಲ ಬೆಳಿಗ್ಗೆ ನಮ್ಮ ಮನೆಯವಳಿಗೆ ಅಭ್ಯಾಸದ ಮೇಲೆ ಐದಕ್ಕೆ ಎಚ್ಚರ ಆಯ್ತು. ಎದ್ದು ಕೂತ್ಲು. ಕಾಯಿಸೋಕ್ಕೆ ಹಾಲಿಲ್ಲ, ತುಂಬಿಸೋಕ್ಕೆ ನೀರಿಲ್ಲ, ಡಬ್ಬಿ ಕಟ್ಟೋದಿಲ್ಲ. ಸ್ವಲ್ಪ ಹೊತ್ತು ಕಿಟಕಿ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿದ್ದು, "ರೀ, ನನಗೇನು ಮಾಡ್ಬೇಕೋ ಗೊತ್ತಾಗ್ತಿಲ್ಲ" ಅಂದ್ಲು. ಆಮೇಲೆ ಮತ್ತೆ ಹೊದ್ಕೊಂಡು ಮಲಗಿ ಎಂಟಕ್ಕೆ ಎದ್ಲು. ಮದುವೆಯಾದ ಮೇಲೆ ಆರೋಗ್ಯವಾಗಿದ್ದಾಗ ಅವಳು ಎಂಟರವರೆಗೆ ಮಲಗಿದ್ದು ನಾನು ನೋಡಿದ್ದು ಅದೇ ಮೊದಲು. ಮೂರು ಸಾವಿರ ರೂಪಾಯಿಗೆ ಇದಕ್ಕಿಂತ ಒಳ್ಳೇದು ಈ ಪೇಟೆಯಲ್ಲಿ ಏನು ಸಿಗತ್ತೆ, ನೀವೇ ಹೇಳಿ.

ಇನ್ನೊಂದು ಗುಂಪಿದೆ, ಮೇಲಿನವರು. ಅಮೆರಿಕದಿಂದ ಮಗ ಫೋನ್ ಮಾಡಿ "ಅಪ್ಪಾ, ಫೈವ್ ಸ್ಟಾರ್ ಬುಕ್ ಮಾಡ್ತೀನಿ, ದ್ರಾಕ್ಷಿತೋಟದ ರಿಸಾರ್ಟು" ಅಂತಾನೆ. ಒಳ್ಳೇ ಮನಸ್ಸು, ಬೇಡ ಅನ್ನಲ್ಲ. ಆದರೆ ಅಲ್ಲಿ ನಮ್ಮಂಥವರು ಉಸಿರು ಬಿಗಿ ಹಿಡ್ಕೊಂಡಿರ್ತೀವಿ. ಚಹಾಕ್ಕೆ ಎಷ್ಟೋ, ಬಾಗಿಲು ತೆಗೆದವನಿಗೆ ಎಷ್ಟು ಕೊಡಬೇಕೋ, ಒದ್ದೆ ಟವಲ್ ಎಲ್ಲಿ ಹಾಕಬೇಕೋ. ಬಾಡಿಗೆ ನೆನಪಾದಾಗಲೆಲ್ಲ ನಿದ್ದೆ ಹಾರತ್ತೆ. ನಮ್ಮ ದುಡ್ಡಲ್ಲಿ ನಾವೇ ಕೊಡೋಕ್ಕಾಗೋ ಜಾಗದಲ್ಲಿ ಮಾತ್ರ ಮನುಷ್ಯ ಕಾಲು ಚಾಚಿ ಕೂರೋಕ್ಕಾಗೋದು. ಬೇಕಾಗಿರೋದು ಇಷ್ಟೇ: ಒಗೆದ ಹಾಸಿಗೆ ಬಟ್ಟೆ, ಬಿಸಿನೀರು, ಕಮೋಡು, ಲಿಫ್ಟು, ಎರಡು ಕುರ್ಚಿ, ತೆಗೆಯೋಕ್ಕೆ ಬರೋ ಒಂದು ಕಿಟಕಿ, ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ.

ತಮಾಷೆ ಅಂದ್ರೆ, ಇಂಥ ಹೋಟೆಲ್ ಏನು ಅಂತ ಈ ದೇಶಕ್ಕೆ ಕಲಿಸಿದವರಲ್ಲಿ ನಮ್ಮವರೂ ಇದ್ದಾರೆ. ಉಡುಪಿ ಕಡೆಯ ಕಡಂದಲೆಯ ಕೃಷ್ಣರಾಯರು ಅಡುಗೆಮನೆ ಕೆಲಸದಿಂದ ಶುರು ಮಾಡಿ 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಸಂಸಾರಸ್ಥರು ಹೆಂಡತಿ ಮಕ್ಕಳ ಜೊತೆ ಮರ್ಯಾದೆಯಿಂದ ಉಳಿಯೋ ಸಸ್ಯಾಹಾರಿ ಹೋಟೆಲು. ದಾಸಪ್ರಕಾಶದ ಸೀತಾರಾಮರಾಯರೂ ಮೈಸೂರಿಂದ ಹೊರಟವರೇ. ಈಚಿನದು ಬೇಕಾದ್ರೆ, ಟಾಟಾದವರ ಜಿಂಜರ್ ಹೋಟೆಲುಗಳು ಹುಟ್ಟಿದ್ದು 2004ರಲ್ಲಿ, ಇಂಡಿಒನ್ ಅನ್ನೋ ಹೆಸರಲ್ಲಿ, ಬೆಂಗಳೂರಿನ ವೈಟ್‌ಫೀಲ್ಡಲ್ಲಿ. ಊರಿಗೆಲ್ಲ ಹಾಸಿಗೆ ಹಾಸಿಕೊಟ್ಟವರು ನಾವು. ನಾವು ಮಾತ್ರ ಚಾಪೆ ಮೇಲೆ!

"ಧರ್ಮಶಾಲೆಯನ್ನ ಇಷ್ಟು ಹೀಗಳೀಬೇಡಿ" ಅಂತೀರೇನೋ. ಹೀಗಳೀತಿಲ್ಲ. ಕೈಯಲ್ಲಿ ಕಾಸಿಲ್ಲದವರಿಗೆ ಅದೇ ತಾಯಿ. ಶೇಗಾಂವದ ಗಜಾನನ ಮಹಾರಾಜ ಸಂಸ್ಥಾನದ ಭಕ್ತನಿವಾಸದ ಚೊಕ್ಕಟ ನೋಡಿ ಎಷ್ಟೋ ಹೋಟೆಲಿನವರು ಕಲೀಬೇಕು. ಹಾಗಂತಲೇ ಇನ್ನೊಂದು ಮಾತು: ಕೊಡೋ ಶಕ್ತಿ ಇರೋ ನಾವು ಅಲ್ಲಿ ಹೋಗಿ ರೂಮು ಹಿಡಿದರೆ, ನಮ್ಮ ಹಿಂದೆ ಸಾಲಲ್ಲಿ ನಿಂತ ಬಡವನಿಗೆ ವರಾಂಡ. ಈ ಪುಣ್ಯ ಯಾರ ಲೆಕ್ಕಕ್ಕೆ?

ಮತ್ತೆ, ಹಳೇ ಛತ್ರಗಳ ವೈಭವ ಹಾಡೋರು ಒಂದು ಮರೀತಾರೆ. ಆ ಛತ್ರಗಳಲ್ಲಿ ಮೊದಲು ಕೇಳ್ತಿದ್ದಿದ್ದು ಜಾತಿ. ಇದೇ ಪಂಚವಟಿಯ ಕಾಳಾರಾಮ ಮಂದಿರದ ಬಾಗಿಲಲ್ಲಿ 1930ರ ಮಾರ್ಚ್ 2ರಂದು ಅಂಬೇಡ್ಕರ್ ಅವರ ಸತ್ಯಾಗ್ರಹ ಶುರುವಾಗಿದ್ದು, ಒಳಗೆ ಬಿಡಿ ಅಂತ. ಅವರೇ ಬರೆದಿದ್ದಾರೆ: ವಿದೇಶದಲ್ಲಿ ಓದಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ತಂಗೋಕ್ಕೆ ಜಾಗ ಸಿಗದೆ ಪಾರ್ಸಿ ಹೆಸರಲ್ಲಿ ಒಂದು ಪಾರ್ಸಿ ವಸತಿಗೃಹದಲ್ಲಿದ್ದು, ಗೊತ್ತಾದ ಮೇಲೆ ಅಲ್ಲಿಂದ ಹೊರಬೀಳಬೇಕಾಯ್ತು. 1934ರಲ್ಲಿ ಎಲ್ಲೋರಾ ನೋಡೋಕ್ಕೆ ಅಂತ ಸಂಗಾತಿಗಳ ಜೊತೆ ಹೊರಟಾಗ, ದಾರಿಯ ತೊಂದರೆ ತಪ್ಪಿಸೋಕ್ಕೆ ಗುರುತು ಹೇಳದೆ ಪ್ರಯಾಣ ಮಾಡಿದರು. ಆದರೂ ದೌಲತಾಬಾದ್ ಕೋಟೆ ಹತ್ತಿರ ಕೊಳದ ನೀರಲ್ಲಿ ಕೈಕಾಲು ಮುಖ ತೊಳೆದಿದ್ದಕ್ಕೆ ಗಲಾಟೆ ಆಯ್ತು. ನಮ್ಮ ಉಡುಪಿ ಹೋಟೆಲುಗಳಲ್ಲೂ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಬೇರೆ ಜಾಗ ಇತ್ತು, ಅದನ್ನೂ ಮುಚ್ಚಿಡೋದು ಬೇಡ. ದುಡ್ಡು ಕೊಟ್ಟವರಿಗೆಲ್ಲ ಒಂದೇ ಬೀಗದಕೈ, ಒಂದೇ ಬಿಳಿ ದುಪ್ಪಟಿ ಅನ್ನೋದು ಸಣ್ಣ ಸಂಗತಿಯಲ್ಲ ಸ್ವಾಮಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಬಾಡಿಗೆಗಿಂತ ದೊಡ್ಡದು.

ಹೋಟೆಲಿನವರೂ ಪೂರಾ ಸಾಚಾ ಅಲ್ಲ, ಅವರಿಗೂ ಎರಡು ಮಾತು. "ಒಂದು ದಿನದ ಬಾಡಿಗೆ" ಅಂತ ತಗೊಂಡು ಮಧ್ಯಾಹ್ನ ಎರಡಕ್ಕೆ ಒಳಗೆ ಬಿಟ್ಟು ಮಾರನೇ ದಿನ ಹನ್ನೊಂದಕ್ಕೆ ಓಡಿಸ್ತಾರೆ. ನಿಮ್ಮ ದಿನಕ್ಕೆ ಇಪ್ಪತ್ತೊಂದೇ ಗಂಟೆಯಾ? ರಾತ್ರಿ ರೈಲಲ್ಲಿ ಬಂದ ವಯಸ್ಸಾದವರು ಬೆಳಿಗ್ಗೆ ಏಳರಿಂದ ಸೋಫಾ ಮೇಲೆ ಬ್ಯಾಗ್ ಕಾಯ್ತಾ ಕೂತಿರ್ತಾರೆ, ನೋಡೋಕ್ಕಾಗಲ್ಲ.

ಇನ್ನು ಆ ಆಧಾರ್ ಪುರಾಣ. ಒಂದು ಹೋಟೆಲ್ ಕೌಂಟರಿನಲ್ಲಿ (ಹೆಸರು ಬೇಡ) ಹುಡುಗ ನಮ್ಮಿಬ್ಬರ ಕಾರ್ಡು ಹಿಂದೆ ಮುಂದೆ ತಿರುಗಿಸಿ, "ಮಿಸ್ಟರ್ ಅಂಡ್ ಮಿಸೆಸ್ಸಾ?" ಅಂತ ಎರಡು ಸಲ ಕೇಳಿದ. ಇವಳ ಕಾರ್ಡಲ್ಲಿ ನನ್ನ ಹೆಸರಿಲ್ಲ. ಅವರಪ್ಪನ ಹೆಸರು, ಅವರೂರ ಇನಿಶಿಯಲ್ಲು. ಮಹಾರಾಷ್ಟ್ರದಲ್ಲಿ ಹೆಂಡತಿಯ ಹೆಸರಿನ ನಡುವೆ ಗಂಡನ ಹೆಸರಿರೋ ಪದ್ಧತಿ, ಅದಕ್ಕೇ ಅವನಿಗೆ ಗುಮಾನಿ. ನರೆತ ತಲೆ, ಮಂಡಿ ನೋವಿನ ನಡಿಗೆ, ಕೈಯಲ್ಲಿ ಶುಗರ್ ಮಾತ್ರೆ ಡಬ್ಬಿ, ಇಷ್ಟಿದ್ದೂ ಗುಮಾನಿ! ಗುರುತಿನ ಚೀಟಿ ಕೇಳಲಿ, ಅದು ನಿಯಮ. ಆದರೆ ವಯಸ್ಕರಿಬ್ಬರು ಒಂದು ರೂಮಲ್ಲಿರೋಕ್ಕೆ ಮದುವೆ ಸರ್ಟಿಫಿಕೇಟ್ ತರಬೇಕು ಅನ್ನೋ ಕಾನೂನು ಈ ದೇಶದಲ್ಲಿಲ್ಲ. ನಮ್ಮ ಜನ "ಲಾಡ್ಜ್" ಅನ್ನೋ ಪದ ಕೇಳಿದ್ರೆ ಮೂಗು ಮುರಿಯೋದು ಇಂಥವರಿಂದಲೇ. ಹೆಣ್ಣುಮಗಳೊಬ್ಬಳು ಗಂಡನ ಪಕ್ಕ ನಿಂತೂ ಕೌಂಟರಿನಲ್ಲಿ ತಲೆ ತಗ್ಗಿಸೋ ಹಾಗೆ ಮಾಡಿದ್ರೆ, ಅವಳು ಮುಂದಿನ ಸಲ "ಧರ್ಮಶಾಲೆನೇ ವಾಸಿ ರೀ" ಅಂತಾಳೆ. ವ್ಯಾಪಾರ ಕಳಕೊಳ್ಳೋದು ನೀವೇ.

ಕೊನೆಗೆ ಹೊರಡೋರಿಗೆ ನಾಲ್ಕು ವ್ಯವಹಾರದ ಮಾತು. ನಾಸಿಕ್ ಸಿಂಹಸ್ಥ ಕುಂಭಮೇಳದ ಧ್ವಜಾರೋಹಣ 2026ರ ಅಕ್ಟೋಬರ್ ಕೊನೆಗೆ, ಮುಖ್ಯ ಸ್ನಾನಗಳು 2027ರ ಆಗಸ್ಟ್-ಸೆಪ್ಟೆಂಬರ್‌ಗೆ ಗೊತ್ತಾಗಿವೆ. ಆ ದಿನಗಳಲ್ಲಿ ಸ್ನಾನಕ್ಕೇ ಹೋಗೋರಲ್ಲದಿದ್ರೆ ಆ ಕಡೆ ತಲೆ ಹಾಕಬೇಡಿ, ರೂಮೂ ಸಿಗಲ್ಲ, ನೆಮ್ಮದಿಯೂ ಸಿಗಲ್ಲ. ಬುಕ್ ಮಾಡುವಾಗ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಹೈವೇ ಕಡೆಗಿಲ್ಲದ ಹಿಂದಿನ ರೂಮು ಇದೆಯಾ, ಆ ದಿನ ಅಲ್ಲೇ ಮದುವೆ ಗಿದುವೆ ಇದೆಯಾ. ಒಂದು ರಾತ್ರಿಗೆ ಬೇಡ, ಎರಡು ರಾತ್ರಿಗೆ ಮಾಡಿ. ಮೊದಲ ರಾತ್ರಿ ದಣಿವಿಗೆ ಹೋಗತ್ತೆ, ನಿಮ್ಮದು ಎರಡನೇದು. ಸೀತಾಗುಂಫದಲ್ಲಿ ಬಗ್ಗಿ ತೂರಬೇಕು, ಮಂಡಿ ನೋವಿರೋರು ಹೊರಗಿನ ಆಲದ ಮರಗಳ ನೆರಳಲ್ಲೇ ಕೈ ಮುಗಿದರೆ ಸಾಕು, ಸೀತಮ್ಮ ಬೇಜಾರು ಮಾಡ್ಕೊಳ್ಳಲ್ಲ. ಸಂಜೆ ರಾಮಕುಂಡದ ಆರತಿ ನೋಡಿ ನಿಧಾನಕ್ಕೆ ವಾಪಸ್ ಬನ್ನಿ.

ಮತ್ತೆ ಯಾರಾದ್ರೂ "ಮಲಗೋಕ್ಕೆ ತಾನೇ" ಅಂದ್ರೆ, ಅವರಿಗೆ ಉತ್ತರ ಕೊಡೋ ಕೆಲಸ ಗಂಡಸರು ಮಾಡಬೇಡಿ. ಅವರ ಮನೆಯಾಕೆಯನ್ನೇ ಕರೆದು, ಎರಡು ದಿನ ಅಡುಗೆ ಇಲ್ಲ, ಪಾತ್ರೆ ಇಲ್ಲ, ಬಾಗಿಲು ಬಡಿಯೋರಿಲ್ಲ, ಹೋಗ್ತೀರಾ ಅಂತ ಕೇಳಿ. ಆಮೇಲೆ ದಂಪತಿಗಳು ಮನೆಗೆ ಹೋಗಿ ಬಗೆಹರಿಸಿಕೊಳ್ಳಲಿ.